ಕುರ್ಚಿಯ ಬೆನ್ನಿಗೆ ಬರೆದ ‘ನೀ’

ಬರೆಯುವ ಕೈಯುಳ್ಳವರಿಗೆಲ್ಲ ತಾವು ಬರೆದದ್ದು ಅಳಿಯದೆ ಉಳಿಯಬೇಕೆಂಬ ಆಸೆ ಇರುತ್ತದೆ. ಕಲ್ಲಿನಲ್ಲಿ ಶಾಸನ ಕೆತ್ತಿಸಿದ ಅರಸರಿಗೂ ಅದೇ ಆಸೆ, ಬಸ್ಸಿನಲ್ಲಿ ಮುಂದಿನ ಸೀಟಿನ ಬೆನ್ನಿಗೆ ಕೀಲಿಕೈಯಿಂದ ತಮ್ಮ ಹೆಸರು ಗೀರುವ ಕಾಲೇಜು ಹುಡುಗರಿಗೂ ಅದೇ ಆಸೆ. ನನಗೂ ಇತ್ತೆಂದು ಒಪ್ಪಿಕೊಳ್ಳುತ್ತೇನೆ. ಹೋದ ವರ್ಷ ದೀಪಾವಳಿ ಕಳೆದ ಮೇಲೆ ಅದು ಕೈಗೂಡಿತು. ನಾನು ಬರೆದ ಅಕ್ಷರಗಳು ಮೂರು ದಿನ ನೀರಿಗೆ, ಸಾಬೂನಿಗೆ, ಸೋಡಾಕ್ಕೆ, ಕೊಬ್ಬರಿ ಎಣ್ಣೆಗೆ, ನನ್ನ ಹೆಂಡತಿಯ ಮಾತಿಗೆ, ಯಾವುದಕ್ಕೂ ಜಗ್ಗದೆ ನಿಂತವು. ಆ ಮೂರು ದಿನಗಳಲ್ಲಿ ನನ್ನ ಆಸೆ ತಳದ ತನಕ ತೀರಿಹೋಯಿತು.

ನಾನು ಗದಗಿನ ಒಂದು ಕಚೇರಿಯಲ್ಲಿ ಆವಕ-ಜಾವಕ ಗುಮಾಸ್ತ. ಬಂದ ಪತ್ರಕ್ಕೊಂದು ನಂಬರು, ಹೋಗುವ ಪತ್ರಕ್ಕೊಂದು ನಂಬರು ಹಾಕುವುದು ನನ್ನ ಕೆಲಸ. ಪತ್ರದೊಳಗೆ ಏನಿದೆ ಎಂಬುದು ನನಗೆ ಸಂಬಂಧಪಟ್ಟ ಸಂಗತಿಯಲ್ಲ. ಮೂವತ್ತು ವರ್ಷ ಹೀಗೆ ನಂಬರು ಹಾಕಿದ ಮೇಲೆ ನಂಬರಿಲ್ಲದ ವಸ್ತುವನ್ನು ಕಂಡರೆ ಕೈ ತುರಿಸತೊಡಗುತ್ತದೆ. ಬೆಟಗೇರಿಯ ನಮ್ಮ ಮನೆಯಲ್ಲಿ ಮನುಷ್ಯರಿಗಿಂತ ನೀರಿನ ಡ್ರಮ್ಮುಗಳು ಹೆಚ್ಚು. ನಳ ಬಂದ ದಿನ ಎಲ್ಲವನ್ನೂ ತುಂಬಿಸಿ ಇಟ್ಟುಕೊಳ್ಳಬೇಕು. ಅವುಗಳಿಗೆ ‘ನಳ 1’, ‘ನಳ 2’, ‘ಬೋರು 1’ ಎಂದು ಬರೆದಿಟ್ಟಿದ್ದೆ. ಅಡಿಗೆ ಮನೆಯ ಡಬ್ಬಿಗಳಿಗೂ ಹೆಸರು ಬರೆದೆ. ನನ್ನ ಹೆಂಡತಿ ಶಾಂತಾ ಆ ಹೆಸರುಗಳನ್ನು ಮನೆಗೆ ಬಂದ ದೂರದ ನೆಂಟರಂತೆ ನಡೆಸಿಕೊಂಡಳು: ಬೈಯಲಿಲ್ಲ, ಲೆಕ್ಕಕ್ಕೂ ತೆಗೆದುಕೊಳ್ಳಲಿಲ್ಲ. ‘ಕಡಲಿ ಬ್ಯಾಳಿ’ ಎಂಬ ಡಬ್ಬಿಯಲ್ಲಿ ಅವಲಕ್ಕಿ ಇರುತ್ತದೆ, ‘ಅವಲಕ್ಕಿ’ಯಲ್ಲಿ ಹಳೆಯ ಗುಂಡಿ, ದಾರ, ಸೂಜಿ. ಅವಳಿಗೆ ಎಲ್ಲವೂ ಕಣ್ಣು ಮುಚ್ಚಿದರೂ ಸಿಗುತ್ತದೆ. ಓದಿಕೊಂಡು ಹುಡುಕುವ ನನಗೆ ಮಾತ್ರ ಸಿಗುವುದಿಲ್ಲ.

ಹೀಗಿರುವಾಗ ನಮ್ಮ ಮಗಳು ರೂಪಾಳ ಕುಬಸ ಬಂತು. ಏಳು ತಿಂಗಳ ಬಸುರಿಯನ್ನು ತವರಿಗೆ ಕರೆತಂದು, ಹಸಿರು ಸೀರೆ ಉಡಿಸಿ, ಉಡಿ ತುಂಬುವ ಕಾರ್ಯ. ಬೀಗರು ಮುಂಡರಗಿಯವರು, ಎರಡು ಗಾಡಿ ಮಾಡಿಕೊಂಡು ಬರುತ್ತೇವೆಂದು ಹೇಳಿ ಕಳಿಸಿದ್ದರು. ನಮ್ಮ ಮನೆಯಲ್ಲಿದ್ದದ್ದು ನಾಲ್ಕು ಕುರ್ಚಿ. ಆದರೆ ನಮ್ಮ ಓಣಿಯಲ್ಲಿ ಕುರ್ಚಿಗೆ ಯಾರೂ ಚಿಂತೆ ಮಾಡುವುದಿಲ್ಲ, ಏಕೆಂದರೆ ನಮ್ಮ ಮನೆಯಿಂದ ಮೂರನೆಯ ಮನೆಯಲ್ಲಿ ನೀಲವ್ವಕ್ಕ ಇದ್ದಾರೆ.

ನೀಲವ್ವಕ್ಕನಿಗೆ ಅರವತ್ತೈದು ದಾಟಿರಬೇಕು. ಎತ್ತರದ ಹೆಣ್ಣುಮಗಳು, ಮಾತು ಕಡಿಮೆ. ಅವರ ಯಜಮಾನರು ಮಗ್ಗದ ರಿಪೇರಿ ಮಾಡುತ್ತಿದ್ದರು, ತೀರಿಕೊಂಡು ನಾಲ್ಕು ವರ್ಷವಾಯಿತು. ಈಗ ಮಗ, ಸೊಸೆ, ಮೊಮ್ಮಗಳ ಜೊತೆ ಇದ್ದಾರೆ. ಅವರ ಮನೆಯಲ್ಲಿ ಕೆನೆ ಬಣ್ಣದ ಮೂವತ್ತು ಪ್ಲಾಸ್ಟಿಕ್ ಕುರ್ಚಿಗಳಿವೆ. ಓಣಿಯ ಯಾವುದೇ ಮನೆಯ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಆ ಕುರ್ಚಿಗಳೇ ಹೋಗುತ್ತವೆ. ಅವರದು ಒಂದೇ ಷರತ್ತು: ಎಳೆದಾಡಬಾರದು, ಎತ್ತಿ ಇಡಬೇಕು. ಒಮ್ಮೆ ಒಬ್ಬರು ಕಾಲು ಸೀಳಿದ ಕುರ್ಚಿಯನ್ನು ಸುಮ್ಮನೆ ನಡುವೆ ಸೇರಿಸಿ ವಾಪಸು ಕೊಟ್ಟರಂತೆ. ನೀಲವ್ವಕ್ಕ ಏನೂ ಅನ್ನಲಿಲ್ಲ. ತಮ್ಮ ಖರ್ಚಿನಲ್ಲಿ ಬೇರೆ ತಂದರು. ಆದರೆ ಆ ಮನೆಗೆ ಮತ್ತೆ ಕುರ್ಚಿ ಹೋಗಲಿಲ್ಲ. ಅವರು ಜಗಳ ಆಡುವವರಾಗಿದ್ದರೆ ನನಗೆ ಇಷ್ಟು ಹೆದರಿಕೆ ಇರುತ್ತಿರಲಿಲ್ಲ.

ಮೂವತ್ತು ಸಾಲದೆಂದು ಹಿಂದಿನ ಓಣಿಯಿಂದ ಇನ್ನೂ ಹನ್ನೆರಡು ತರಿಸಿದೆವು. ತಂದು ನೋಡಿದರೆ ಅವೂ ಕೆನೆ ಬಣ್ಣದವೇ, ಅದೇ ಆಕಾರ, ಬೆನ್ನಿಗೆ ಅದೇ ಜಾಳಿಗೆ. ಕಾರ್ಯ ಮುಗಿದ ಮೇಲೆ ಯಾರದು ಯಾವುದು ಎಂದು ಗುರುತು ಸಿಗಬೇಕಲ್ಲ? ಎದ್ದು ಬರೆಯಲು ನನಗೆ ಇಷ್ಟು ಕಾರಣ ಸಾಕಾಗಿತ್ತು. ನಮ್ಮ ಕಚೇರಿಯ ಸಭೆಯ ಕೋಣೆಯಲ್ಲಿ ಒಂದು ಬಿಳಿ ಹಲಗೆ ಇದೆ. ಅದರ ಮೇಲೆ ಬರೆಯುವ ಪೆನ್ನು ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ. ಅಂಥದೊಂದು ನನ್ನ ಚೀಲದಲ್ಲಿತ್ತು, ಅಥವಾ ಇದೆ ಎಂದು ನಾನು ತಿಳಿದಿದ್ದೆ. ಕುರ್ಚಿಗಳನ್ನು ಸಾಲಾಗಿ ನಿಲ್ಲಿಸಿ ಹಿಂಬದಿಯಲ್ಲಿ, ಮೇಲಿನ ಪಟ್ಟಿಯ ಮೇಲೆ, ನೀಲವ್ವಕ್ಕನ ಮೊದಲ ಅಕ್ಷರ ಹಿಡಿದು ದುಂಡಗೆ ಬರೆಯುತ್ತ ಹೋದೆ: ನೀ-1, ನೀ-2, ನೀ-3... ಮೂವತ್ತರ ತನಕ. ನನ್ನ ಅಕ್ಷರ ಚೆಂದ. ಅದನ್ನು ಹೇಳಿಕೊಳ್ಳಲು ಬೇರೆ ಸಂದರ್ಭ ಸಿಗುವುದಿಲ್ಲವಾದ್ದರಿಂದ ಇಲ್ಲೇ ಹೇಳಿಬಿಡುತ್ತೇನೆ.

ಬುಧವಾರ ಮುಂಜಾನೆ ಬೀಗರು ಬಂದರು. ಎಲ್ಲರೂ ಕೂತರು. ಹೆಣ್ಣುಮಕ್ಕಳು ಹಾಡು ಹೇಳತೊಡಗಿದರು. ಎರಡನೆಯ ಸಾಲಿನಲ್ಲಿ ಅಳಿಯನ ದೊಡ್ಡಪ್ಪ ಶೇಖರಗೌಡರು ಕೂತಿದ್ದರು. ಮುಂಡರಗಿಯಲ್ಲಿ ನಾಲ್ಕು ಮಂದಿ ಎದ್ದು ನಿಂತು ಮಾತಾಡಿಸುವ ಹಿರಿಯರು. ಅವರು ಮುಂದಿನ ಸಾಲಿನ ಕುರ್ಚಿಗಳ ಬೆನ್ನನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಸಾವಕಾಶವಾಗಿ ಓದಿದರು. ಆಮೇಲೆ ನನ್ನನ್ನು ಹತ್ತಿರ ಕರೆದರು.

“ಬೀಗರ, ನಮ್ಮನ್ನ ಎಲ್ಲಾರೂ ‘ನೀವು’ ಅಂತಾರ. ನಿಮ್ಮ ಮನ್ಯಾಗ ಎಲ್ಲಿ ನೋಡಿದ್ರೂ ‘ನೀ’ ಅಂತ ಐತಲ್ರಿ?”

ಸಿಟ್ಟಿತ್ತೋ ಚೇಷ್ಟೆಯಿತ್ತೋ ಮುಖದಲ್ಲಿ ತಿಳಿಯಲಿಲ್ಲ. ಅದು ಏಕವಚನದ ‘ನೀ’ ಅಲ್ಲ, ನೀಲವ್ವ ಎಂಬವರ ‘ನೀ’ ಎಂದು ವಿವರಿಸಿದೆ. ಆವಕ-ಜಾವಕ ಪದ್ಧತಿಯನ್ನೂ ಸ್ವಲ್ಪ ವಿವರಿಸಿದೆ. ಗೌಡರು ಪೂರ್ತಿ ಕೇಳಿಸಿಕೊಂಡು, ಹಾಗಾದರೆ ತಮ್ಮ ಬೆನ್ನಿಗೆ ಎಷ್ಟನೇ ನಂಬರಿದೆ ನೋಡಿ ಹೇಳಬೇಕೆಂದರು. ಹಿಂದೆ ಹೋಗಿ ನೋಡಿದೆ. ಹತ್ತೊಂಬತ್ತು. ಅವರು ನಕ್ಕ ಮೇಲೆ ಉಳಿದವರೂ ನಕ್ಕರು, ಹಾಡು ನಡುವೆಯೇ ನಿಂತಿತು. ಅಡಿಗೆ ಮನೆಯ ಬಾಗಿಲಲ್ಲಿ ತಾಟು ಹಿಡಿದು ನಿಂತಿದ್ದ ನೀಲವ್ವಕ್ಕನೂ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕರು. ಆವತ್ತು ಊಟ ಮುಗಿದು ಹೋಗುವ ತನಕ ಬೀಗರ ಕಡೆಯವರು ಒಬ್ಬರನ್ನೊಬ್ಬರು ನಂಬರಿನಿಂದಲೇ ಕರೆದರು. ಕಾರ್ಯ ಚೆನ್ನಾಗಿ ಆಯಿತು.

ಸಂಜೆ ಒದ್ದೆ ಬಟ್ಟೆ ತೆಗೆದುಕೊಂಡು ನೀ-1ನ್ನು ಒರೆಸಿದೆ. ಅದು ಹಾಗೆಯೇ ಇತ್ತು. ಸ್ವಲ್ಪ ಒತ್ತಿ ಒರೆಸಿದೆ. ಮೇಲಿನ ಧೂಳು ಹೋಗಿ ಅಕ್ಷರ ಇನ್ನಷ್ಟು ಕಪ್ಪಗೆ ಕಂಡಿತು. ಶಾಂತಾ ಬಂದು ನೋಡಿದಳು, ಒಳಗೆ ಹೋಗಿ ನನ್ನ ಚೀಲದಿಂದ ಪೆನ್ನು ತಂದು ಬೆಳಕಿಗೆ ಹಿಡಿದು, ಅದರ ಮೈಮೇಲೆ ಅರ್ಧ ಅಳಿಸಿದ್ದ ಇಂಗ್ಲಿಷು ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿದಳು. ಪರ್ಮನೆಂಟ್. ಅವಳು ಎರಡನೆಯ ಸಲ ಓದಲಿಲ್ಲ. ಪೆನ್ನನ್ನು ನನ್ನ ಕೈಯಲ್ಲಿಟ್ಟು ಭಾಂಡೆ ತೊಳೆಯಲು ಹೋದಳು.

ಅಷ್ಟರಲ್ಲಿ ನೀಲವ್ವಕ್ಕ ಬಾಗಿಲಿಗೆ ಬಂದರು. ಕುರ್ಚಿಗೆ ಅವಸರವಿಲ್ಲ, ಶನಿವಾರ ಸಂಜೆಯೊಳಗೆ ಬಂದರೆ ಸಾಕು ಎಂದರು. ರವಿವಾರ ಶಿರಹಟ್ಟಿಯವರು ಮೊಮ್ಮಗಳನ್ನು ನೋಡಲು ಬರುವವರಿದ್ದಾರಂತೆ, ಒಳ್ಳೆಯ ಮನೆತನವಂತೆ, ಮಾತಿಗೆ ಬಹಳ ಬೆಲೆ ಕೊಡುವ ಮಂದಿಯಂತೆ. ನಾನು ಬಾಗಿಲಿಗೆ ಅಡ್ಡ ನಿಂತು ಆಗಲಿ ಎಂದೆ. ನನ್ನ ಬೆನ್ನ ಹಿಂದೆ ಮೂವತ್ತು ಕುರ್ಚಿಗಳು ‘ನೀ ನೀ’ ಎನ್ನುತ್ತ ನಿಂತಿದ್ದವು. ನಮ್ಮ ಬೀಗರು ಹಳಬರು, ನಕ್ಕು ಬಿಟ್ಟರು. ಮೊದಲ ಸಲ ಹೆಣ್ಣು ನೋಡಲು ಬಂದವರು ನಗುತ್ತಾರೆಂದು ಹೇಳಲು ಯಾರಿಂದಾಗುತ್ತದೆ?

ಗುರುವಾರ ಬೆಳಿಗ್ಗೆ ಬಟ್ಟೆ ಒಗೆಯುವ ಪುಡಿಯಿಂದ ಆರಂಭಿಸಿದೆ. ಕೈಯ ರೇಖೆಗಳು ಸವೆದವು. ಭಾಂಡೆ ತಿಕ್ಕುವ ಸ್ಟೀಲಿನ ಜುಂಜು ತಂದು ನೀ-4ರ ಮೇಲೆ ಶಕ್ತಿ ಹಾಕಿದೆ. ಪ್ಲಾಸ್ಟಿಕ್ಕಿನ ಹೊಳಪು ಹೋಗಿ ಗೀರುಗಳೆದ್ದವು, ಗೀರುಗಳೊಳಗೆ ಶಾಯಿ ಇಳಿದು ಕೂತಿತು. ಶಾಂತಾ ಜುಂಜನ್ನು ಕಸಿದುಕೊಂಡು ಹೋದಳು. ಕಚೇರಿಯಲ್ಲಿ ವಿಷಯ ಹೇಳಿದೆ. ಅದು ನನ್ನ ಇನ್ನೊಂದು ತಪ್ಪು. ಕೆಲಸದ ಕಾಗದ ಮುಂದೆ ಇಟ್ಟರೆ ಬಾಯಿ ಬಿಡದವರೂ ಕಲೆ ತೆಗೆಯುವುದರಲ್ಲಿ ಪಂಡಿತರಾಗಿದ್ದರು. ಹಲ್ಲಿನ ಪೇಸ್ಟಿಗೆ ಅಡಿಗೆ ಸೋಡಾ ಕಲಸಿ ಹಚ್ಚು ಎಂದರು ಒಬ್ಬರು. ಹಚ್ಚಿದೆ. ಕಪ್ಪು ಹೋಗಿ ಬೂದಿ ಬಣ್ಣಕ್ಕೆ ಬಂತು, ಕುರ್ಚಿ ಪುದೀನದ ವಾಸನೆ ಹೊಡೆಯಿತು, ನಂಬರು ಮಾತ್ರ ಓದಲು ಬರುತ್ತಿತ್ತು. ಇನ್ನೊಬ್ಬರು ಕೊಬ್ಬರಿ ಎಣ್ಣೆ ಎಂದರು. ಎಣ್ಣೆಗೆ ಶಾಯಿ ಕರಗಿತೇನೋ ಖರೆ, ಆದರೆ ಎಲ್ಲಿಗೂ ಹೋಗಲಿಲ್ಲ, ಅಲ್ಲೇ ಹರಡಿತು. ನೀ-9 ಇದ್ದಲ್ಲಿ ಮೋಡ ಕವಿದಂತಾಯಿತು. ಆ ದಿನ ನಾನು ಊಟಕ್ಕೆ ಕೂತಾಗ ಶಾಂತಾ ಚಮಚ ತಂದು ಕೊಟ್ಟಳು. ಮೂವತ್ತೊಂದು ವರ್ಷದ ಸಂಸಾರದಲ್ಲಿ ರೊಟ್ಟಿಗೆ ಚಮಚ ಕೊಟ್ಟದ್ದು ಅದೇ ಮೊದಲು.

ಸಂಜೆ ರೂಪಾ ತನ್ನ ಉಗುರು ಬಣ್ಣ ತೆಗೆಯುವ ಔಷಧದ ಸಣ್ಣ ಬಾಟ್ಲಿ ಕೊಟ್ಟಳು. ಅದು ಕೆಲಸ ಮಾಡಿತು. ಅರಳೆ ಅದ್ದಿ ಒರೆಸಿದರೆ ಅಕ್ಷರ ಎದ್ದು ಬರುತ್ತಿತ್ತು. ನನಗೆ ಜೀವ ಬಂದಂತಾಯಿತು. ಆದರೆ ಬಾಟ್ಲಿ ಮೂರು ಕುರ್ಚಿಗೆ ಮುಗಿಯಿತು, ಮತ್ತು ಅದರ ವಾಸನೆಗೆ ಬಸುರಿ ಹುಡುಗಿಗೆ ಹೊಟ್ಟೆ ತೊಳಸಿ ಬಂದು, ಅವಳು ಗಾಳಿಗೆ ಹೊರಗೆ ಹೋದಳು. ಹೋದದ್ದು ಎಲ್ಲಿಗೆಂದರೆ ನೀಲವ್ವಕ್ಕನ ಕಟ್ಟೆಗೆ. ಅಲ್ಲಿ ಅವಳು ಏನು ಹೇಳುತ್ತಾಳೋ ಎಂದು ಕಿಡಕಿಯಿಂದ ನೋಡಲು ಹೋದವನು, ಚಾಳೀಸು ಮಬ್ಬಾಗಿದೆಯೆಂದು ಕೈಯಲ್ಲಿದ್ದ ಅದೇ ಅರಳೆಯಿಂದ ಒರೆಸಿಕೊಂಡೆ. ಎಡಗಣ್ಣಿನ ಗಾಜು ಗಾಜಲ್ಲ, ಅದೂ ಒಂದು ಜಾತಿಯ ಪ್ಲಾಸ್ಟಿಕ್ಕು ಎಂಬುದು ಆಗ ಗೊತ್ತಾಯಿತು. ಹಾಲು ಸುರಿದ ಹಾಗೆ ಬೆಳ್ಳಗಾಯಿತು, ಮತ್ತೆ ತಿಳಿಯಾಗಲಿಲ್ಲ. ಅಲ್ಲಿಂದ ಮುಂದಿನ ಎಲ್ಲ ಕೆಲಸವನ್ನೂ ನಾನು ಒಂದೂಕಾಲು ಕಣ್ಣಿನಲ್ಲಿ ಮಾಡಿದೆ.

ಶುಕ್ರವಾರ ಶಾಂತಾಳ ತಮ್ಮ ಮಂಜುನಾಥನಿಗೆ ಫೋನು ಮಾಡಿದೆ. ಅವನು ಲಕ್ಷ್ಮೇಶ್ವರದಲ್ಲಿ ಶಾಲೆಯ ಮಾಸ್ತರ. ವಿಷಯ ಕೇಳಿ ಬಹಳ ಹೊತ್ತು ನಕ್ಕ. ನಾನು ಕಾದೆ. ನಕ್ಕು ಮುಗಿದ ಮೇಲೆ ಹೇಳಿದ: “ಮಾಮಾ, ಬರದದ್ದರ ಮ್ಯಾಲ ಮತ್ತ ಬರೀರಿ.”

ಚೇಷ್ಟೆಯೆಂದು ಫೋನು ಇಡಲಿದ್ದೆ. ಅವನು ತಿಳಿಸಿ ಹೇಳಿದ. ಶಾಲೆಯ ಬಿಳಿ ಹಲಗೆಯ ಮೇಲೆ ಮಕ್ಕಳು ತಪ್ಪು ಪೆನ್ನಿನಿಂದ ಬರೆಯುವುದು ವಾರಕ್ಕೊಮ್ಮೆ ಆಗುತ್ತದಂತೆ. ಆಗ ಹಲಗೆಯ ಪೆನ್ನು ತೆಗೆದುಕೊಂಡು ಹಳೆಯ ಗೆರೆಯ ಮೇಲೆ ತಪ್ಪದೆ ತಿದ್ದಬೇಕು, ಒಣಗುವ ಮೊದಲೇ ಒರೆಸಬೇಕು. ಹೊಸ ಶಾಯಿಯೊಳಗಿನ ರಸ ಹಳೆಯದನ್ನು ಸಡಿಲು ಮಾಡಿ ತನ್ನ ಜೊತೆ ಕರೆದುಕೊಂಡು ಬರುತ್ತದೆ. ಆಮೇಲೂ ನೆರಳಿನಂಥದು ಉಳಿದರೆ ಕೈಗೆ ಹಚ್ಚುವ ಸ್ಯಾನಿಟೈಸರ್ ಅರಳೆಯಲ್ಲಿ ನೆನೆಸಿ ಅದರ ಮೇಲೆ ಸ್ವಲ್ಪ ಹೊತ್ತು ಇಟ್ಟು, ಮೆತ್ತಗೆ ಒರೆಸಿ, ಸಾಬೂನು ನೀರಿನಿಂದ ತೊಳೆಯಬೇಕು. ಜೋರು ಮಾಡಿ ತಿಕ್ಕಬಾರದು, ನೆನೆಯಲು ಬಿಡಬೇಕು ಎಂದು ಎರಡು ಸಲ ಹೇಳಿದ. ಅವನ ಅಕ್ಕ ಜುಂಜಿನ ಸಂಗತಿ ಮೊದಲೇ ತಿಳಿಸಿದ್ದಳೆಂದು ಕಾಣುತ್ತದೆ.

ಶನಿವಾರ ರಜೆ ಹಾಕಿದೆ. ಅರ್ಜಿಯಲ್ಲಿ ಕಾರಣ ‘ಮನೆಗೆಲಸ’ ಎಂದು ಬರೆದೆ, ಮೊದಲ ಸಲ ಅದು ಖರೆ ಇತ್ತು. ಅಂಗಳದಲ್ಲಿ ಕುರ್ಚಿಗಳನ್ನು ಮತ್ತೆ ಸಾಲು ಹಚ್ಚಿ, ಸರಿಯಾದ ಪೆನ್ನು ಹಿಡಿದು ನೀ-1ರಿಂದ ಮತ್ತೊಮ್ಮೆ ಬರೆಯಲು ಕೂತೆ. ಓಣಿಯಲ್ಲಿ ಹಾದು ಹೋಗುವವರು ನಿಂತು ನೋಡಿದರು. ಇನ್ನೂ ಒಂದು ಕಾರ್ಯ ಇದೆಯೇನು ಎಂದು ಒಬ್ಬರು ಕೇಳಿದರು. ನಾನು ಬರೆಯುವುದು, ಶಾಂತಾ ಒರೆಸುವುದು. ಹಳೆಯ ಕಪ್ಪು ಹೊಸ ಕಪ್ಪಿನ ಜೊತೆ ಬಟ್ಟೆಗೆ ಬಂದು ಬಿಡುತ್ತಿತ್ತು. ಉಳಿದ ನೆರಳಿಗೆ ಕೊರೊನಾ ಕಾಲದಿಂದ ಕಪಾಟಿನಲ್ಲಿ ಕೂತಿದ್ದ ಸ್ಯಾನಿಟೈಸರಿನ ದೊಡ್ಡ ಬಾಟ್ಲಿ ಸಾಕಾಯಿತು. ಮಧ್ಯಾಹ್ನದ ಹೊತ್ತಿಗೆ, ಗೀರು ಬಿದ್ದ ನೀ-4 ಒಂದನ್ನು ಬಿಟ್ಟು, ಎಲ್ಲವೂ ಕೆನೆಯ ಹಾಗೆ ನಿಂತವು.

ಅಲ್ಲಿಗೆ ನಿಲ್ಲಿಸಬೇಕಿತ್ತು. ಶಾಂತಾ ನಿಲ್ಲಿಸಿದಳು, ಅಡಿಗೆಗೆ ಒಳಗೆ ಹೋದಳು. ಆದರೆ ಮೂರು ದಿನ ಸೋತು ನಾಲ್ಕನೆಯ ದಿನ ಗೆದ್ದವನ ಕೈ ಸುಮ್ಮನಿರುವುದಿಲ್ಲ. ಬಾಟ್ಲಿಯಲ್ಲಿ ಇನ್ನೂ ಕಾಲು ಭಾಗ ಉಳಿದಿತ್ತು. ಡ್ರಮ್ಮಿನ ಮೇಲಿನ ‘ನಳ 2’ ತೆಗೆದೆ, ಸುಲಭವಾಗಿ ಬಂತು. ಬಕೀಟಿನ ಮೇಲಿನ ಅಂಗಡಿಯ ಗುರುತು ತೆಗೆದೆ. ಕುರ್ಚಿಗಳನ್ನು ಕೊಡುವುದೇ ಆದರೆ ಕಾಲು, ಕೈ, ತಳ ಎಲ್ಲ ಸ್ವಚ್ಛ ಮಾಡಿಯೇ ಕೊಡೋಣವೆಂದು ಒಂದೊಂದನ್ನು ಬೋರಲು ಹಾಕಿ ಒರೆಸುತ್ತ ಹೋದೆ. ಅವುಗಳಲ್ಲಿ ಒಂದರ ತಳದಲ್ಲಿ ಕಪ್ಪಗೆ ಎರಡು ಸಾಲು ಏನೋ ಇತ್ತು. ಮಬ್ಬುಗಣ್ಣಿಗೆ ಅದು ಯಾರೋ ಪೆನ್ನು ಬರುತ್ತದೋ ಇಲ್ಲವೋ ನೋಡಲು ಗೀಚಿದ ಹಾಗೆ ಕಂಡಿತು. ಬಹಳ ಹಳೆಯದಿರಬೇಕು, ಸ್ಯಾನಿಟೈಸರಿಗೆ ಬರಲಿಲ್ಲ. ಪೆನ್ನಿನಿಂದ ಮೇಲೆ ಬಳಿದು ಒರೆಸಿದೆ, ಮತ್ತೆ ಬಳಿದೆ, ನೆನೆಸಿದೆ, ಮತ್ತೆ ಒರೆಸಿದೆ. ಮೂವತ್ತರಲ್ಲಿ ನನ್ನನ್ನು ಹೆಚ್ಚು ದುಡಿಸಿದ್ದು ಅದೇ. ಕೊನೆಗೆ ಹೋಯಿತು. ನನಗೆ ಆದ ಸಂತೋಷವನ್ನು ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಸಂಜೆ ನಾನೂ ಶಾಂತಾಳೂ ಕುರ್ಚಿಗಳನ್ನು ಎತ್ತಿಕೊಂಡು ಹೋಗಿ ನೀಲವ್ವಕ್ಕನ ಪಡಸಾಲೆಯಲ್ಲಿ ಇಟ್ಟೆವು. ನಾನು ಹಳೆಯ ಚಾಳೀಸನ್ನು ಹುಡುಕಿ ಹಾಕಿಕೊಂಡು ಹೋಗಿದ್ದೆ. ನೀ-4ರ ಗೀರುಗಳನ್ನು ನಾನೇ ತೋರಿಸಿದೆ. ಅದು ದೊಡ್ಡ ಮಾತಲ್ಲ ಎಂದರು. ನೀಲವ್ವಕ್ಕ ಮೇಲಿನ ಕುರ್ಚಿಯ ಮೇಲೆ ಕೈಯಾಡಿಸಿ, ಅಂಗಡಿಯಿಂದ ತಂದ ದಿನವೂ ಇಷ್ಟು ಚೆಂದ ಇರಲಿಲ್ಲ ಎಂದರು. ನಾನು ಅಷ್ಟಕ್ಕೆ ಹಿಗ್ಗಿ ವಿಧಾನ ವಿವರಿಸಲು ಹೊರಟೆ. ಅವರು ಕೇಳಿಸಿಕೊಳ್ಳುತ್ತಲೇ ಒಂದು ಕುರ್ಚಿ ಇಳಿಸಿ ಬೋರಲು ಮಾಡಿ ನೋಡಿ ಬದಿಗಿಟ್ಟರು. ಇನ್ನೊಂದು ಇಳಿಸಿದರು. ಎಂಟು ಹತ್ತು ಕುರ್ಚಿಯಾದ ಮೇಲೆ ನನ್ನ ವಿವರಣೆ ತಾನಾಗಿ ನಿಂತಿತು. ಅವರು ಮೂವತ್ತನ್ನೂ ನೋಡಿದರು. ಆಮೇಲೆ ಮೊದಲಿನದನ್ನು ಮತ್ತೆ ಎತ್ತಿಕೊಂಡರು.

“ಒಂದರ ಕೆಳಗ ಬರದದ್ದು ಇತ್ರಿ, ಸಾಹೇಬ್ರ,” ಎಂದರು.

ಯಾವುದು ಎಂದು ನಾನು ಕೇಳಬಹುದಿತ್ತು. ಹಿಂದಿನ ಓಣಿಯ ಹನ್ನೆರಡರಲ್ಲಿ ಬೆರೆತಿರಬಹುದು ಎನ್ನಬಹುದಿತ್ತು. ಅಂಥ ಉತ್ತರಗಳನ್ನು ನಾನು ಕಚೇರಿಯಲ್ಲಿ ಮೂವತ್ತು ವರ್ಷ ಕೊಟ್ಟಿದ್ದೇನೆ. ಆದರೆ ಶಾಂತಾ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನೇ ಒರೆಸಿದೆ, ಗೀಚಿದ್ದೆಂದು ತಿಳಿದೆ, ಓದಲಿಲ್ಲ ಎಂದೆ.

ನೀಲವ್ವಕ್ಕ ಕುರ್ಚಿಯನ್ನು ಕೆಳಗಿಟ್ಟರು. ಬೈಯಲಿಲ್ಲ. ತಾವಾಗಿ ಹೇಳಿದರು. ಎಂಟು ವರ್ಷದ ಹಿಂದೆ ಕುರ್ಚಿಗಳನ್ನು ತಂದದ್ದು ಅವರ ಯಜಮಾನರು. ಮನೆಗೆ ಯಾರು ಬಂದರೂ ನೀಲವ್ವಕ್ಕ ಎದ್ದು ಕುರ್ಚಿ ಬಿಟ್ಟುಕೊಟ್ಟು ನಿಲ್ಲುತ್ತಿದ್ದರಂತೆ. ಮೂವತ್ತು ಬಂದ ಮೇಲೂ ಅದು ತಪ್ಪಲಿಲ್ಲ. ಯಜಮಾನರು ಅದನ್ನು ನೋಡಿ ನೋಡಿ, ಒಂದು ದಿನ ಯಾರೂ ಇಲ್ಲದಾಗ ಒಂದು ಕುರ್ಚಿಯ ತಳಕ್ಕೆ ಬರೆದರಂತೆ: ನೀಲವ್ವನ ಕುರ್ಚಿ, ಯಾರೂ ಕೂಡ್ರಬಾರದು. ಹೆಂಡತಿಯ ಹೆಸರು ಹಿಡಿದು ಕರೆಯುವ ರೂಢಿ ಆ ಮನೆಯಲ್ಲಿರಲಿಲ್ಲ. ‘ಏ’ ಅಂದರೆ ಆಯಿತು, ಕೆಮ್ಮಿದರೂ ಆಯಿತು. ಅವರು ಆ ಹೆಸರನ್ನು ಬಳಸಿದ್ದು ಅದೊಂದು ಕಡೆ.

“ಕೆಳಗ ಬರದ್ರ ಯಾರಿಗೆ ಕಾಣ್ತೈತಿ, ಮ್ಯಾಲ ಬರಿಬೇಕಿಲ್ರಿ ಅಂತ ಕೇಳಿದ್ನಿ,” ಎಂದರು ನೀಲವ್ವಕ್ಕ. “ಮ್ಯಾಲ ಬರದ್ರ ಮಂದಿ ನೋಡ್ತಾರ ಅಂದ್ರು.”

ಆ ಕುರ್ಚಿ ಎಲ್ಲದರ ಜೊತೆ ಎಲ್ಲರ ಮನೆಗೂ ಹೋಗಿ ಬಂದಿದೆ. ಯಾರ್ಯಾರೋ ಕೂತಿದ್ದಾರೆ, ನೀಲವ್ವಕ್ಕನೊಬ್ಬರನ್ನು ಬಿಟ್ಟು. ವಾಪಸು ಬಂದಾಗ ಒಮ್ಮೆ ಬೋರಲು ಹಾಕಿ ನೋಡಿ ಇಡುತ್ತಿದ್ದರಂತೆ, ಅಷ್ಟೇ. ನಾನು ಅವರ ಹೆಸರಿನ ಮೊದಲ ಅಕ್ಷರವನ್ನು ಎಲ್ಲರೂ ನೋಡುವಲ್ಲಿ ಮೂವತ್ತು ಸಲ ಬರೆದೆ. ಯಾರೂ ನೋಡದಲ್ಲಿ ಬರೆದ ಪೂರ್ತಿ ಹೆಸರನ್ನು ಒರೆಸಿದೆ. ಇದನ್ನು ಅವರು ಹೇಳಲಿಲ್ಲ. ನಿಂತಲ್ಲೇ ನನಗೆ ಹೊಳೆಯಿತು. ಹೊಳೆದದ್ದರಿಂದ ಉಪಯೋಗವೇನೂ ಇರಲಿಲ್ಲ.

ಏನಾದರೂ ಮಾಡಬೇಕೆಂದು, ಅದೇ ಮಾತನ್ನು ಅದೇ ಜಾಗದಲ್ಲಿ ಬರೆದು ಕೊಡಲೇ ಎಂದು ಕೇಳಿದೆ. ಕೇಳಿದ ಮೇಲೆ ಎಂಥ ಪೆದ್ದು ಮಾತೆಂದು ತಿಳಿಯಿತು. ನೀಲವ್ವಕ್ಕ, ತಮ್ಮ ಯಜಮಾನರ ಅಕ್ಷರ ಕೋಳಿ ಕೆದರಿದ ಹಾಗಿತ್ತು, ನಿಮ್ಮದು ಬಹಳ ದುಂಡಗೆ ಎಂದರು. ನಂತರ ಕೈ ಚಾಚಿ ಪೆನ್ನು ಕೇಳಿದರು. ನನ್ನ ಕಿಸೆಯಲ್ಲಿ ಎರಡೂ ಇದ್ದವು. ಒಂದು ಒರೆಸಿದರೆ ಹೋಗುವಂಥದ್ದು, ಇನ್ನೊಂದು ಹೋಗದಂಥದ್ದು, ಯಾವುದು ಬೇಕೆಂದು ಕೇಳಿದೆ.

“ಹೋಗದ್ದು ಕೊಡ್ರಿ.”

ಮೂವತ್ತರಲ್ಲಿ ಆ ಕುರ್ಚಿ ಯಾವುದೆಂದು ಇನ್ನು ಯಾರಿಗೂ ಹೇಳಲು ಬರುವಂತಿರಲಿಲ್ಲ. ಅವರು ಕೈಗೆ ಸಿಕ್ಕ ಒಂದನ್ನು ಬೋರಲು ಹಾಕಿಕೊಂಡು ನೆಲದ ಮೇಲೆ ಕೂತರು. ಅವರದು ನಾಲ್ಕನೆಯ ಇಯತ್ತೆಯ ಓದು. ಅಕ್ಷರಕ್ಕೊಮ್ಮೆ ನಿಂತು, ತುಟಿ ಬಿಗಿ ಹಿಡಿದು ಬರೆದರು. ಮುಗಿಯುವ ತನಕ ನಾವಿಬ್ಬರೂ ನಿಂತೇ ಇದ್ದೆವು. ಬರೆದದ್ದು ಅವರ ಹೆಸರಲ್ಲ, ಯಜಮಾನರದು. ‘ಗುರುಸಿದ್ದಪ್ಪ’ ಎಂದಿತ್ತು, ಒಂದು ಒತ್ತು ತಪ್ಪಿತ್ತು. ಮೂವತ್ತು ವರ್ಷದಲ್ಲಿ ನಾನು ಯಾರ ಬರವಣಿಗೆಯ ಒತ್ತು ತಪ್ಪಿದರೂ ತಿದ್ದದೆ ಬಿಟ್ಟವನಲ್ಲ. ಆವತ್ತು ಬಿಟ್ಟೆ.

“ಬಾಯಿಲೆ ಒಮ್ಮಿನೂ ಅಂದಿಲ್ಲ,” ಎಂದರು ನೀಲವ್ವಕ್ಕ, ಪೆನ್ನಿನ ಟೊಪ್ಪಿಗೆ ಹಾಕುತ್ತ. “ಬರಿಯಾಕ ಏನಡ್ಡಿ ಐತಿ?” ಪೆನ್ನನ್ನು ನನಗೆ ವಾಪಸು ಕೊಡಲಿಲ್ಲ. ಕಪಾಟಿನ ಮೇಲೆ ಇಟ್ಟು, ಇದು ಇಲ್ಲೇ ಇರಲಿ, ಓಣಿಗೂ ಒಳ್ಳೆಯದು ಎಂದರು.

ರವಿವಾರ ಶಿರಹಟ್ಟಿಯವರು ಬಂದರು. ಹಿರಿಯರ ಸಾಲಿನಲ್ಲಿ ಇರಲೆಂದು ನನ್ನನ್ನೂ ಕರೆದಿದ್ದರು. ಮಾತಿಗೆ ಬೆಲೆ ಕೊಡುವ ಮಂದಿ ಎಂಬುದು ನಿಜವಿತ್ತು, ಬಹಳ ಕಡಿಮೆ ಮಾತಾಡಿದರು. ಯಾವ ಕುರ್ಚಿಯೂ ಅವರನ್ನು ಏಕವಚನದಲ್ಲಿ ಕರೆಯಲಿಲ್ಲ. ಹುಡುಗಿಗೂ ಹುಡುಗನಿಗೂ ಒಪ್ಪಿಗೆಯಾದ ಹಾಗೆ ಕಂಡಿತು, ಎರಡು ದಿನದಲ್ಲಿ ಹೇಳಿ ಕಳಿಸುತ್ತೇವೆಂದು ಹೋದರು. ಹೇಳಿಯೂ ಕಳಿಸಿದರು, ವೈಶಾಖದಲ್ಲಿ ಮದುವೆ ಆಯಿತು. ಆದರೆ ಆ ದಿನ ನಾನು ನೋಡಿದ್ದು ಬೇರೆ. ಉಪ್ಪಿಟ್ಟು ಕೊಟ್ಟು ಮುಗಿದ ಮೇಲೆ ನೀಲವ್ವಕ್ಕ ಒಳಗಿನ ಕೋಣೆಯಿಂದ ಒಂದು ಕುರ್ಚಿ ಎತ್ತಿಕೊಂಡು ಬಂದು, ಬೀಗರಾಗುವವರ ಎದುರಿಗೆ ಹಾಕಿ, ಅದರ ಮೇಲೆ ಕೂತರು. ಅಷ್ಟು ಮಂದಿಯ ನಡುವೆ ಅವರು ಕೂತದ್ದನ್ನು ನಾನು ಅದೇ ಮೊದಲು ನೋಡಿದ್ದು. ಅವರ ಸೊಸೆಯೂ ತಿರುಗಿ ನೋಡಿದಳು. ಹುಡುಗನ ತಂದೆ ಹೊರಡುವ ತನಕ ಅವರು ಏಳಲಿಲ್ಲ.

ಶಾಂತಾ ನನ್ನ ಜೊತೆ ಮನೆಗೆ ನಡೆದಳು. ಬಾಗಿಲ ಹತ್ತಿರ ಬಂದು ಚಪ್ಪಲಿ ಬಿಡುತ್ತ ಕೇಳಿದಳು: “ಮನ್ಯಾಗಿನ ಡ್ರಮ್ಮು, ಬಕೀಟು, ಡಬ್ಬಿ ಎಲ್ಲಾದಕ್ಕೂ ಬರದ್ರಿ. ನನ್ನ ಹೆಸರು ಎಲ್ಲೆರ ಬರದೀರೇನ್ರಿ?”

ನನ್ನ ವೃತ್ತಿಯಲ್ಲಿ ಉತ್ತರ ತಡವಾಗಬಾರದು. ಬರೆದಿದ್ದೇನಲ್ಲ, ರೇಷನ್ ಕಾರ್ಡಿನ ಅರ್ಜಿಯಲ್ಲಿ ಎಂದೆ. ಅವಳು ಒಳಗೆ ಹೋದಳು. ಕಟ್ಟೆಯ ಮೇಲೆ ಕೂತ ಮೇಲೆ ಉಳಿದದ್ದು ನೆನಪಾಯಿತು. ಆ ಅರ್ಜಿಯನ್ನು ನಾನು ಅವಸರದಲ್ಲಿ ತುಂಬಿದ್ದೆ, ‘ಶಾಂತಾ’ ಬರೆಯುವಲ್ಲಿ ‘ಕಾಂತಾ’ ಬರೆದಿದ್ದೆ. ಕಾಗದಪತ್ರದ ಪ್ರಕಾರ ಒಂದು ವರ್ಷ ನನ್ನ ಸಂಸಾರ ಕಾಂತಾ ಎಂಬುವವಳ ಜೊತೆ ನಡೆದಿತ್ತು. ಅದನ್ನು ತಿದ್ದಿಸಲು ಮೂರು ಸಲ ಹೋಗಿ ಸಾಲಿನಲ್ಲಿ ನಿಂತು ಬಂದವಳು ಶಾಂತಾ.